ಅಟ್ಟದ ಮೇಲಿನ ತೂತು ಬಟ್ಟಲು

(ರೈತರ ಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ನಾನು ತಮ್ಮ ಮುಂದೆ ನಿಂತರೆ ಬೀಜೋಪಚಾರದ ಮಾತೋ, ಗೊಬ್ಬರದ ಗುಂಡಿಯ ಮಾತೋ, ಬದುವಿನ ಮಾತೋ ಬರುವುದು ವಾಡಿಕೆ. ಇಂದಿನ ಮಾತು ಬೇರೆ. ಇಂದು ಒಂದು ಬಟ್ಟಲಿನ ವಿಚಾರ ಹೇಳಬೇಕೆಂದಿದ್ದೇನೆ. ಅದೂ ತಳದಲ್ಲಿ ತೂತಿರುವ ಬಟ್ಟಲು. ತೂತು ಬಟ್ಟಲಿನ ಮೇಲೂ ಒಂದು ಭಾಷಣವೇ ಎಂದು ತಾವು ನಗಬಹುದು. ನಗಿರಿ, ಆದರೆ ಪೂರ್ತಿ ಕೇಳಿರಿ. ಇಂತಹ ಬಟ್ಟಲು ತಮ್ಮಲ್ಲಿ ಯಾರದಾದರೂ ಮನೆಯ ಅಟ್ಟದ ಮೇಲೆ ಈಗಲೂ ಇರಬಹುದು. ಈ ವರ್ಷ ಸುಣ್ಣ ಬಳಿಯುವ ಹೊತ್ತಿಗೆ ಅದು ಗುಜರಿಯವನ ಚೀಲ ಸೇರಲೂಬಹುದು.

ಸುಗ್ಗಿ ಮುಗಿದು ಯುಗಾದಿ ಹತ್ತಿರ ಬಂದಿತೆಂದರೆ ಅಟ್ಟದ ಸಾಮಾನೆಲ್ಲ ಅಂಗಳಕ್ಕೆ ಇಳಿಯುತ್ತದೆ. ಮುರಿದ ಕೂರಿಗೆ, ಹಳೆಯ ಸೇರು, ಪಾವು, ತುಕ್ಕು ಹಿಡಿದ ಬೀಗ, ಕಲಾಯಿ ಹೋದ ಪಾತ್ರೆ ಎಲ್ಲವೂ ಅಲ್ಲಿ ಇರುತ್ತವೆ. ಇವುಗಳಲ್ಲಿ ಹೆಸರು ಗೊತ್ತಿರುವ ಸಾಮಾನನ್ನು ನಾವು ತೊಳೆದು ಮತ್ತೆ ಮೇಲಿಡುತ್ತೇವೆ. ಹೆಸರು ಗೊತ್ತಿಲ್ಲದ್ದನ್ನು ತೂಕಕ್ಕೆ ಹಾಕುತ್ತೇವೆ. ಮನೆಯವರು ಹೆಸರು ಮರೆತ ದಿನವೇ ವಸ್ತುವು ಗುಜರಿಯಾಗುತ್ತದೆ. ಆದುದರಿಂದ ಒಂದು ಹಳೆಯ ವಸ್ತುವನ್ನು ಗುರುತಿಸುವುದು ಹೇಗೆ ಎಂಬುದನ್ನು ಈ ಒಂದು ಬಟ್ಟಲಿನ ನೆಪದಿಂದ ತಮಗೆ ಹೇಳುತ್ತೇನೆ.

ನನ್ನ ವೃತ್ತಕ್ಕೆ ಸೇರಿದ ಒಂದು ಹಳ್ಳಿಯಲ್ಲಿ ಅಣ್ಣ ತಮ್ಮಂದಿರಿಬ್ಬರು ಹಿಸ್ಸೆಯಾದರು. ಹೊಲ, ಮನೆ, ದನಕರು ಹಂಚಿಕೊಂಡರು. ಬಾವಿ ಒಂದೇ ಇದ್ದುದರಿಂದ ಅದನ್ನು ಮಾತ್ರ ಸರದಿಯ ಮೇಲೆ ಇಟ್ಟುಕೊಂಡರು. ಕೊನೆಗೆ ಪಾತ್ರೆ ಪಡಗ ಹಂಚುವಾಗ ಒಂದು ತಾಮ್ರದ ಬಟ್ಟಲು ಉಳಿಯಿತು. ಅಂಗೈ ಎರಡನ್ನೂ ಜೋಡಿಸಿ ಬೊಗಸೆ ಮಾಡಿದರೆ ಅದರಲ್ಲಿ ಕೂರುವಷ್ಟು ದೊಡ್ಡದು. ಅರ್ಧ ಚೆಂಡಿನಂತೆ ಗುಂಡಗಿತ್ತು. ಹಿಡಿಯಿಲ್ಲ, ಕಾಲಿಲ್ಲ, ಚಿತ್ತಾರವಿಲ್ಲ. ತಳದ ನಟ್ಟನಡುವೆ ಸೂಜಿ ತೂರುವಷ್ಟು ಒಂದು ತೂತು. ತೂತು ಬಟ್ಟಲು ಯಾರಿಗೆ ಬೇಕು? ತಮ್ಮನು ಗುಜರಿಗೆ ಹಾಕೋಣ ಎಂದನು. ಅಣ್ಣನು ಒಂದು ಚೂರು ಬೆಸುಗೆ ಹಾಕಿಸಿದರೆ ಎಮ್ಮೆಗೆ ಹಿಂಡಿ ನೆನೆಸಲು ಆದೀತು ಎಂದನು. ಇಬ್ಬರ ಮಾತೂ ನ್ಯಾಯವಾಗಿಯೇ ಕಂಡಿತು. ಆ ದಿನ ಬಾವಿಯ ವಿಚಾರಕ್ಕಾಗಿ ನಾನು ಅಲ್ಲಿಗೆ ಹೋಗಿದ್ದೆನಾದ್ದರಿಂದ ಬಟ್ಟಲು ನನ್ನ ಕೈಗೂ ಬಂದಿತು.

ಗೊತ್ತಿಲ್ಲದ ವಸ್ತುವು ಕೈಗೆ ಬಂದಾಗ ನಾಲ್ಕು ಪ್ರಶ್ನೆ ಕೇಳಬೇಕು. ಇವಕ್ಕೆ ಓದು ಬರಹ ಬೇಕಿಲ್ಲ, ಕಣ್ಣು ಮತ್ತು ಬೆರಳು ಸಾಕು. ಬೆಳೆಗೆ ರೋಗ ಬಂದಾಗ ನಾವು ಮೊದಲು ಎಲೆಯನ್ನು ತಿರುಗಿಸಿ ನೋಡುವುದಿಲ್ಲವೇ? ಹಾಗೆಯೇ ಇದು.

ಮೊದಲನೆಯ ಪ್ರಶ್ನೆ: ಇದು ಯಾವುದರಿಂದ ಮಾಡಿದ್ದು? ಈ ಬಟ್ಟಲು ತಾಮ್ರದ್ದು. ತಾಮ್ರವು ಕಬ್ಬಿಣಕ್ಕಿಂತ ದುಬಾರಿ. ದುಬಾರಿ ಲೋಹದಲ್ಲಿ ಕೆಲಸಕ್ಕೆ ಬಾರದ ಪಾತ್ರೆಯನ್ನು ಯಾವ ಕಂಚುಗಾರನೂ ಬಡಿಯುವುದಿಲ್ಲ, ಯಾವ ಮನೆಯವರೂ ತಲೆಮಾರುಗಟ್ಟಲೆ ಕಾಪಾಡುವುದಿಲ್ಲ.

ಎರಡನೆಯ ಪ್ರಶ್ನೆ: ಸವೆತ ಎಲ್ಲಿದೆ, ಗುರುತು ಎಲ್ಲಿದೆ? ಒಲೆಯ ಮೇಲೆ ಕೂತ ಪಾತ್ರೆಯ ತಳದಲ್ಲಿ ಮಸಿಯಿರುತ್ತದೆ. ಎಷ್ಟು ಬೆಳಗಿದರೂ ಮೂಲೆಯಲ್ಲಿ ಕಪ್ಪು ಉಳಿಯುತ್ತದೆ. ಅಡಿಗೆಯ ತಾಮ್ರದ ಪಾತ್ರೆಯ ಒಳಗೆ ಕಲಾಯಿಯ ಬಿಳುಪು ಇರುತ್ತದೆ. ಹುಳಿ ಪದಾರ್ಥವು ಬರಿಯ ತಾಮ್ರಕ್ಕೆ ತಾಗಿದರೆ ಕಿಲುಬು ಎದ್ದು ವಿಷವಾಗುತ್ತದೆಂದು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಈ ಬಟ್ಟಲಿನಲ್ಲಿ ಮಸಿಯೂ ಇಲ್ಲ, ಕಲಾಯಿಯೂ ಇಲ್ಲ. ಎಂದಮೇಲೆ ಇದು ಒಲೆಯದಲ್ಲ, ಊಟದ್ದೂ ಅಲ್ಲ.

ಮೂರನೆಯ ಪ್ರಶ್ನೆ: ತೂತು ತಾನಾಗಿ ಬಿದ್ದದ್ದೋ, ಬೇಕೆಂದೇ ಮಾಡಿದ್ದೋ? ಕಿಲುಬು ತಿಂದು ಬಿದ್ದ ತೂತು ಅಂಚಿನಲ್ಲಿ ಹರಿದಿರುತ್ತದೆ, ಎಲ್ಲೋ ಒಂದು ಪಕ್ಕಕ್ಕೆ ಇರುತ್ತದೆ, ಸುತ್ತ ಹಸಿರು ಕಟ್ಟಿರುತ್ತದೆ. ಪೆಟ್ಟು ಬಿದ್ದು ಆದ ತೂತಿನ ಸುತ್ತ ತಗ್ಗಿರುತ್ತದೆ. ಈ ತೂತು ನಡುಮಧ್ಯದಲ್ಲಿದೆ, ದುಂಡಗಿದೆ, ಬೆರಳಾಡಿಸಿದರೆ ನಯವಾಗಿದೆ. ಇದು ಬೇಕೆಂದೇ ಮಾಡಿದ ತೂತು. ಇಲ್ಲಿಗೆ ಅರ್ಧ ಕೆಲಸವಾಯಿತು. ತೂತು ಈ ಬಟ್ಟಲಿನ ದೋಷವಲ್ಲ. ತೂತೇ ಇದರ ಕೆಲಸ.

ನಾಲ್ಕನೆಯ ಪ್ರಶ್ನೆ: ಇದರಂತೆ ಕಾಣುವ ಬೇರೆ ಯಾವ ವಸ್ತುಗಳಿವೆ, ಅವುಗಳಿಗೂ ಇದಕ್ಕೂ ಏನು ವ್ಯತ್ಯಾಸ? ತೂತಿರುವ ಸಾಮಾನು ನಮ್ಮ ಮನೆಗಳಲ್ಲಿ ಹಲವು ಉಂಟು. ಕೂರಿಗೆಯ ಬೀಜದ ಬಟ್ಟಲನ್ನು ತಾವೆಲ್ಲ ಬಲ್ಲಿರಿ. ಅದು ಮರದ್ದು, ತಾಳುಗಳೆಷ್ಟೋ ಅಷ್ಟು ತೂತುಗಳು, ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ. ಟ್ರಾಕ್ಟರಿನ ಬಿತ್ತನೆ ಬಂದ ಮೇಲೆ ಕೂರಿಗೆ ಮೂಲೆ ಸೇರಿದ ಮನೆಗಳಲ್ಲಿ ಮಕ್ಕಳು ಆ ಬಟ್ಟಲನ್ನೂ ಇದೇನೆಂದು ಕೇಳುತ್ತಾರೆ. ಶ್ಯಾವಿಗೆ ಒತ್ತುವ ಅಚ್ಚಿನ ತಳದಲ್ಲಿ ಸಾಲಾಗಿ ಸಣ್ಣ ತೂತುಗಳಿರುತ್ತವೆ. ದೇವಸ್ಥಾನದಲ್ಲಿ ಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆಗೆ ಈ ಬಟ್ಟಲಿನಂತೆಯೇ ಒಂದೇ ತೂತು, ಅದೂ ತಳದ ನಡುವೆ. ಎಲ್ಲಕ್ಕಿಂತ ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಆದರೆ ಧಾರಾಪಾತ್ರೆಯನ್ನು ತೂಗುಹಾಕಬೇಕಾದುದರಿಂದ ಅದರ ಕಂಠದಲ್ಲಿ ಸರಪಣಿಯ ಬಳೆಯೋ, ಬಳೆ ಹಾಕುವ ಕಿವಿಯೋ ಇರುತ್ತದೆ, ಇಲ್ಲವೇ ಇಡಲು ಮೂರು ಕಾಲಿನ ಸ್ಟಾಂಡು ಇರುತ್ತದೆ. ನಮ್ಮ ಬಟ್ಟಲಿಗೆ ಅದೊಂದೂ ಇಲ್ಲ, ಇದ್ದ ಗುರುತೂ ಇಲ್ಲ. ಮೇಲಿನಿಂದ ತೂಗದ, ಕೆಳಗೆ ನಿಲ್ಲಲೂ ಆಗದ, ಗುಂಡು ತಳದ ಹಗುರ ಬಟ್ಟಲು ಎಲ್ಲಿ ನೆಟ್ಟಗೆ ಕೂರುತ್ತದೆ? ನೀರಿನ ಮೇಲೆ!

ಅಲ್ಲಿಗೆ ಪ್ರಶ್ನೆಗಳು ಮುಗಿದವು; ಉಳಿದದ್ದು ಪರೀಕ್ಷೆ. ಅಗಲವಾದ ಒಂದು ಹಂಡೆಗೆ ಬಟ್ಟೆಯಲ್ಲಿ ಸೋಸಿದ ನೀರು ತುಂಬಿಸಿ, ಗಾಳಿಯಾಡದ ನಡುಮನೆಯಲ್ಲಿ ಇಟ್ಟೆವು. ನೀರು ನಿಶ್ಚಲವಾದ ಮೇಲೆ ಒಣಗಿದ ಬಟ್ಟಲನ್ನು ಮೆಲ್ಲನೆ ತೇಲಬಿಟ್ಟು ಮೊಬೈಲ್ ಫೋನಿನಲ್ಲಿ ಹೊತ್ತು ನೋಡಿಕೊಂಡೆವು. ತೂತಿನಿಂದ ನೀರು ಚಿಲುಮೆಯ ಎಳೆಯಂತೆ ಒಳಗೆ ಏಳತೊಡಗಿತು. ಬಟ್ಟಲು ಸ್ವಲ್ಪ ಸ್ವಲ್ಪವೇ ಇಳಿಯಿತು. ಕೊನೆಗೆ ಅಂಚು ನೀರಿನ ಮಟ್ಟಕ್ಕೆ ಬಂದು, ಗುಳಕ್ಕೆಂದು ಮುಳುಗಿ, ಹಂಡೆಯ ತಳಕ್ಕೆ ತಾಗಿ ಠಣ್ ಎಂದಿತು. 29 ನಿಮಿಷ ಹಿಡಿಯಿತು. ಮತ್ತೆ ಮಾಡಿದೆವು, ಮತ್ತೆ 29.

ಆ ಶಬ್ದ ಕೇಳಿ ಒಳಗಿನ ಕೋಣೆಯಿಂದ ಅಜ್ಜಿ ಕೂಗಿದರು. ಕಣ್ಣು ಮಂಜಾಗಿ ಹೆಚ್ಚಾಗಿ ಮಲಗಿಯೇ ಇರುವವರು ಅವರು. ಬಟ್ಟಲಿನ ವಿಚಾರವನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

"ಯಾರಪ್ಪಾ ಅದು, ಗಳಿಗೆ ಬಟ್ಟಲು ಬಿಟ್ಟಿರೋದು? ಮನೇಲಿ ಯಾರ ಮದುವೆ?"

ಅವರನ್ನು ಕೈಹಿಡಿದು ಕರೆತಂದು ಬಟ್ಟಲನ್ನು ಕೈಗಿಟ್ಟೆವು. ಅಜ್ಜಿ ಬೆರಳಿನಿಂದಲೇ ತೂತನ್ನು ಹುಡುಕಿ ಹಿಡಿದರು. "ಇದೇ ಕಣ್ ಮಗಾ. ನನ್ನ ಧಾರೆ ದಿವಸ ಪುರೋಹಿತರು ಇದನ್ನ ನೀರಲ್ಲಿ ಬಿಟ್ಟು ಮುಂದೆ ಕೂತಿದ್ರು. ಇದು ಮುಳುಗೋವರೆಗೂ ಒಬ್ಬರೂ ಉಸಿರೆತ್ತಬೇಡಿ ಅಂತ ನಮ್ಮಪ್ಪ ಎಲ್ಲರನ್ನೂ ಸುಮ್ಮನಿರಿಸಿದ್ರು. ಇದರ ಸದ್ದು ಕೇಳಿದ ಮೇಲೇನೇ ಓಲಗ ಊದಿದ್ದು" ಎಂದರು.

ಗಳಿಗೆ ಬಟ್ಟಲು! ಹೆಸರು ಸಿಕ್ಕಿತು. ಬಟ್ಟಲಿನ ಬೆಲೆಯೂ ಆ ಕ್ಷಣವೇ ಬದಲಾಯಿತು. ಗುಜರಿಯ ಮಾತನ್ನಾಗಲಿ, ಬೆಸುಗೆಯ ಮಾತನ್ನಾಗಲಿ ಆಮೇಲೆ ಅಣ್ಣ ತಮ್ಮಂದಿರು ಎತ್ತಲಿಲ್ಲ.

ಆದರೆ 29 ನಿಮಿಷ ಏಕೆ? ಒಂದು ಗಳಿಗೆಗೆ 24 ನಿಮಿಷ ತಾನೇ? ತೂತನ್ನು ಬೆಳಕಿಗೆ ಹಿಡಿದು ನೋಡಿದರೆ ಅಂಚಿನಲ್ಲಿ ಹಳೆಯ ಜಿಡ್ಡು, ಧೂಳು ಕಟ್ಟಿತ್ತು. ರಾತ್ರಿಯೆಲ್ಲ ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಪೊರಕೆಯ ಮೆತ್ತನೆಯ ತುದಿಯಿಂದ ನವಿರಾಗಿ ಒರೆಸಿ ಮತ್ತೆ ತೇಲಬಿಟ್ಟರು. ಈ ಸಲ 24 ನಿಮಿಷ ಕಳೆದು ಇನ್ನೂ ಅರ್ಧ ನಿಮಿಷ ಆಗಿರಲಿಲ್ಲ, ಬಟ್ಟಲು ಮುಳುಗಿತು.

ಈಗ ಗಳಿಗೆಯ ಲೆಕ್ಕ ಸ್ವಲ್ಪ ಹೇಳುತ್ತೇನೆ. ಒಂದು ಹಗಲು ಒಂದು ರಾತ್ರಿ ಸೇರಿ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ನೆನಪಿಡುವುದು ಸುಲಭ: ದಿನಕ್ಕೆ 24 ಗಂಟೆ, ಗಂಟೆಗೆ 60 ನಿಮಿಷ, ಹಾಗೆಯೇ ದಿನಕ್ಕೆ 60 ಗಳಿಗೆ, ಗಳಿಗೆಗೆ 24 ನಿಮಿಷ. ಎರಡೂವರೆ ಗಳಿಗೆಗೆ ಒಂದು ಗಂಟೆ, ಏಳೂವರೆ ಗಳಿಗೆಗೆ ಒಂದು ಜಾವ. ಗಳಿಗೆಯಲ್ಲಿ ಮತ್ತೆ 60 ವಿಗಳಿಗೆ. ಒಂದು ವಿಗಳಿಗೆಗೆ 24 ಸೆಕೆಂಡು. ಪಂಚಾಂಗದಲ್ಲಿ ಇಂದಿಗೂ ತಿಥಿ ನಕ್ಷತ್ರಗಳ ಮುಂದೆ ಈ ಲೆಕ್ಕ ಅಚ್ಚಾಗಿರುತ್ತದೆ. ಅದನ್ನು ಗಂಟೆಗೆ ತಿರುಗಿಸಬೇಕಾದರೆ ಗಳಿಗೆಯನ್ನು ಎರಡರಿಂದ ಗುಣಿಸಿ ಐದರಿಂದ ಭಾಗಿಸಿ, ಸೂರ್ಯೋದಯದ ಹೊತ್ತಿಗೆ ಕೂಡಿಸಬೇಕು. 12 ಗಳಿಗೆ 30 ವಿಗಳಿಗೆ ಎಂದು ಬರೆದಿದ್ದರೆ ಸೂರ್ಯ ಹುಟ್ಟಿ 5 ಗಂಟೆಯಾದ ಮೇಲೆ ಎಂದು ಅರ್ಥ.

ಈ ಬಟ್ಟಲು ಬಹು ಹಳೆಯ ಕಾಲದ್ದು. ತಾಮ್ರದ ಪಾತ್ರೆಯ ತಳದಲ್ಲಿ ರಂಧ್ರ ಮಾಡಿ ಶುದ್ಧವಾದ ನೀರಿನಲ್ಲಿ ಬಿಟ್ಟರೆ ಅದು ಒಂದು ಹಗಲು ರಾತ್ರಿಯಲ್ಲಿ 60 ಸಲ ಮುಳುಗಬೇಕೆಂದು ಸೂರ್ಯ ಸಿದ್ಧಾಂತವೆಂಬ ಜ್ಯೋತಿಷ ಗ್ರಂಥದಲ್ಲಿ ಹೇಳಿದೆ. ಮತ್ತೆ ಕೆಲವು ಗ್ರಂಥಗಳಲ್ಲಿ ಬಟ್ಟಲಿಗೆ ಇಷ್ಟೇ ತೂಕದ ತಾಮ್ರ, 12 ಬೆರಳಗಲ ಬಾಯಿ, 6 ಬೆರಳಗಲ ಎತ್ತರ ಎಂದೂ, ತೂತು ಕೊರೆಯುವ ಚಿನ್ನದ ಸೂಜಿಗೆ ಇಷ್ಟೇ ತೂಕ, ಇಷ್ಟೇ ಉದ್ದ ಎಂದೂ ಕಟ್ಟುನಿಟ್ಟು ಮಾಡಿದೆ. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯರು ಈ ತೂಕ ಅಳತೆಗಳ ಕಟ್ಟನ್ನು ಬಿಟ್ಟರು. ಬಟ್ಟಲನ್ನು ನೀರಿಗೆ ಬಿಡಿ, ಒಂದು ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆಂದು ಎಣಿಸಿ, ಆ ಎಣಿಕೆಯಿಂದ ದಿನವನ್ನು ಭಾಗಿಸಿದರೆ ಬಟ್ಟಲಿನ ಅಳತೆ ತಾನೇ ಸಿಕ್ಕುತ್ತದೆ ಎಂಬುದು ಅವರ ದಾರಿ. ಪುಸ್ತಕದ ಅಳತೆಗಿಂತ ಪ್ರಯೋಗದ ಅಳತೆ ಮೇಲು ಎಂಬ ಈ ಮಾತನ್ನು ರೈತರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೂರಿಗೆ ಕಟ್ಟಿದವನು ಮೊದಲು ನಾಲ್ಕು ಮಾರು ಓಡಿಸಿ, ಬೀಜ ಎಷ್ಟು ಬೀಳುತ್ತದೆಂದು ನೋಡಿಯೇ ಹೊಲಕ್ಕೆ ಇಳಿಯುತ್ತಾನೆ.

ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಕಥೆಯನ್ನು ತಮ್ಮಲ್ಲಿ ಕೆಲವರು ಕೇಳಿರಬಹುದು. ಅದು ಚರಿತ್ರೆಯಲ್ಲ, ಜನ ಹೇಳುತ್ತ ಬಂದ ಕಥೆ. ಮದುವೆಯ ಮುಹೂರ್ತಕ್ಕಾಗಿ ಗಳಿಗೆ ಬಟ್ಟಲನ್ನು ಬಿಟ್ಟಿದ್ದರಂತೆ. ಹುಡುಗಿ ಬಗ್ಗಿ ನೋಡುವಾಗ ಅವಳ ಉಡುಪಿನ ಒಂದು ಮುತ್ತು ಕಳಚಿ ಬಟ್ಟಲೊಳಗೆ ಬಿದ್ದು ತೂತಿಗೆ ಅಡ್ಡವಾಯಿತಂತೆ. ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಕಥೆ ನಿಜವೋ ಸುಳ್ಳೋ, ಅದನ್ನು ಕಟ್ಟಿದವರು ಬಟ್ಟಲಿನ ಮರ್ಮವನ್ನು ಬಲ್ಲವರಾಗಿದ್ದರು. ಆ ಮುತ್ತು ಮಾಡಿದ ಕೆಲಸವನ್ನೇ ಈ ಅಣ್ಣ ತಮ್ಮಂದಿರ ಮನೆಯಲ್ಲಿ ಜಿಡ್ಡು ಮಾಡಿತ್ತು.

ಬಟ್ಟಲಿನ ಗುಟ್ಟೆಲ್ಲ ತೂತಿನಲ್ಲಿದೆ. ತೂತಿನ ಅಗಲ ಎರಡರಷ್ಟಾದರೆ ನೀರು ಬರುವ ಜಾಗ ನಾಲ್ಕರಷ್ಟಾಗುತ್ತದೆ. ಬಟ್ಟಲು ಸುಮಾರು ಕಾಲು ಭಾಗದ ಹೊತ್ತಿನಲ್ಲಿ ಮುಳುಗಿಬಿಡುತ್ತದೆ. ಬಟ್ಟಲು ಭಾರವಾದಷ್ಟೂ ನೀರು ಬೇಗ ಏರುತ್ತದೆ. ಚಳಿಗಾಲದ ತಣ್ಣೀರು ಸಣ್ಣ ತೂತಿನಲ್ಲಿ ಸ್ವಲ್ಪ ನಿಧಾನವಾಗಿ ಹರಿಯುತ್ತದೆ. ಕೆಸರು ನೀರು ತೂತನ್ನೇ ಕಟ್ಟಿಸುತ್ತದೆ. ಅದಕ್ಕಾಗಿಯೇ ಬಟ್ಟಲಿನ ಹತ್ತಿರ ಒಬ್ಬ ನಂಬಿಕೆಯ ಮನುಷ್ಯ ಸದಾ ಕೂತಿರಬೇಕಾಗಿತ್ತು. ಮುಳುಗಿದ ಕೂಡಲೇ ಎತ್ತಿ, ಬರಿದು ಮಾಡಿ, ಮತ್ತೆ ತೇಲಬಿಟ್ಟು, ಎಣಿಕೆ ಇಡುವುದು ಅವನ ಕೆಲಸ. ಅರಮನೆ, ದೇವಸ್ಥಾನಗಳಲ್ಲಿ ಗಳಿಗೆ ಮುಗಿದಾಗ ಜಾಗಟೆ ಬಾರಿಸುತ್ತಿದ್ದರು. ಉತ್ತರ ಹಿಂದುಸ್ಥಾನದಲ್ಲಿ ಹೀಗೆ ಹೊತ್ತು ಬಾರಿಸುವವರನ್ನು ಕಂಡು ಮೊಗಲ ದೊರೆ ಬಾಬರನು ತನ್ನ ಆತ್ಮಕಥೆಯಲ್ಲಿ ಆ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಕೈಗಡಿಯಾರ ಬಂದಿತು, 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ಹೊತ್ತು ಎಂದಾಯಿತು. ಬಟ್ಟಲು ಮೆಲ್ಲಮೆಲ್ಲನೆ ಅಟ್ಟ ಹತ್ತಿತು. ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ. ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ, ಅರೆಗಳಿಗೆ, ಗಳಿಗೆಗೊಂದು ಬುದ್ಧಿ ಎನ್ನುತ್ತೇವೆ. ಘಟಿ ಎಂದರೆ ಸಣ್ಣ ಗಡಿಗೆ; ಗಡಿಯಾರ ಎಂಬ ಮಾತಿನೊಳಗೂ ಆ ಘಟಿಯೇ ಕೂತಿದೆ.

ಇಷ್ಟು ಕೇಳಿದ ಮೇಲೆ, ಇದರಿಂದ ಒಕ್ಕಲುತನಕ್ಕೆ ಏನು ಬಂದಂತಾಯಿತು ಎಂದು ಯಾರಾದರೂ ಕೇಳಬಹುದು. ಅದನ್ನೂ ಹೇಳುತ್ತೇನೆ.

ಇರಾನ್ ದೇಶದಲ್ಲಿ ಮಳೆ ಕಡಿಮೆ. ಅಲ್ಲಿಯ ಒಕ್ಕಲಿಗರು ಬೆಟ್ಟದ ಬುಡದಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದರು. ನಮ್ಮ ಬೀದರಿನ ನೌಬಾದಿನಲ್ಲಿಯೂ ಬಹಮನಿ ಸುಲ್ತಾನರ ಕಾಲದ ಅಂತಹುದೇ ಸುರಂಗವಿದೆ. ಇರಾನಿನ ಊರುಗಳಲ್ಲಿ ಸುರಂಗದ ನೀರು ಹತ್ತಾರು ಮನೆಗಳಿಗೆ ಸೇರಿದ್ದು. ಯಾರಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಅಳೆಯಲು ಅವರು ಬಳಸುತ್ತಿದ್ದುದು ಇಂತಹುದೇ ತೂತು ಬಟ್ಟಲು. ಊರಿನವರು ನಂಬುವ ಹಿರಿಯನೊಬ್ಬ ಬಟ್ಟಲಿನ ಮುಂದೆ ಕೂರುತ್ತಿದ್ದನು. ಒಂದು ಸಲ ಮುಳುಗಿದರೆ ಒಂದು ಹರಳು ಕಲ್ಲನ್ನು ಪಕ್ಕಕ್ಕೆ ಇಡುತ್ತಿದ್ದನು. ಕಳೆದ ಶತಮಾನದ ನಡುವಿನವರೆಗೂ ಕೆಲವು ಊರುಗಳಲ್ಲಿ ಈ ಪದ್ಧತಿ ನಡೆದಿತ್ತು. ನಮ್ಮ ಕಡೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಯ ಮೇಲೆ ಊರು ಇಟ್ಟಿದ್ದ ನಂಬಿಕೆಯೂ ಇದೇ ಜಾತಿಯದು. ಬಟ್ಟಲಿಗೆ ದಾಕ್ಷಿಣ್ಯವಿಲ್ಲ. ಉಳ್ಳವನ ಸರದಿಯಲ್ಲಿಯೂ ಇಲ್ಲದವನ ಸರದಿಯಲ್ಲಿಯೂ ಅದು ಅಷ್ಟೇ ಹೊತ್ತಿಗೆ ಮುಳುಗುತ್ತದೆ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬಟ್ಟಲು ಅಳೆಯುವುದು ಹೊತ್ತನ್ನು, ನೀರನ್ನಲ್ಲ. ಈ ಅಣ್ಣ ತಮ್ಮಂದಿರ ಬಾವಿಯ ಜಗಳವೂ ಅದೇ ಆಗಿತ್ತು. ಇಬ್ಬರಿಗೂ ಸಮಹೊತ್ತು ಎಂದು ಗೊತ್ತುಮಾಡಿದ್ದರು. ಆದರೂ ತಮ್ಮನ ಹೊಲ ಒಣಗುತ್ತಿತ್ತು. ಮೊದಲ ಸರದಿ ಯಾವಾಗಲೂ ಅಣ್ಣನದು. ಬಾವಿಯ ನೀರು ಇಳಿದಂತೆಲ್ಲ ಪಂಪು ಹೆಚ್ಚು ಆಳದಿಂದ ಎತ್ತಬೇಕಾಗಿ ನೀರಿನ ಓಟ ಕುಗ್ಗುತ್ತದೆ. ಒಂದು 200 ಲೀಟರಿನ ಡ್ರಮ್ಮಿಟ್ಟು ಅಳೆದೆವು. ಅಣ್ಣನ ಸರದಿಯಲ್ಲಿ ಡ್ರಮ್ಮು ತುಂಬಲು 50 ಸೆಕೆಂಡು, ತಮ್ಮನ ಸರದಿಯಲ್ಲಿ 80 ಸೆಕೆಂಡು. ಲೆಕ್ಕ ಹಾಕಿ ನೋಡಿರಿ. ಒಂದು ಗಳಿಗೆಯಲ್ಲಿ ಅಣ್ಣನಿಗೆ 5,760 ಲೀಟರು, ತಮ್ಮನಿಗೆ 3,600 ಲೀಟರು. ಗಳಿಗೆ ಒಂದೇ, ನೀರು ಒಂದೇ ಅಲ್ಲ. ಅಣ್ಣನ ಒಂದು ಗಳಿಗೆಯ ನೀರು ತಮ್ಮನಿಗೂ ಸಿಗಬೇಕಾದರೆ ಅವನಿಗೆ 38 ನಿಮಿಷಕ್ಕೂ ಸ್ವಲ್ಪ ಹೆಚ್ಚು ಬೇಕು. ಇಲ್ಲವೇ ಮೊದಲ ಸರದಿ ಒಂದು ದಿನ ಅಣ್ಣನಿಗೆ, ಮರುದಿನ ತಮ್ಮನಿಗೆ ಎಂದು ತಿರುಗಬೇಕು. ಆ ಮನೆಯವರು ಎರಡನೆಯ ದಾರಿ ಹಿಡಿದರು. ಒಂದೇ ಬಾವಿ, ಒಂದೇ ಬೋರು ಹಂಚಿಕೊಂಡಿರುವ ಮನೆಗಳು ನಮ್ಮ ಬ್ಲಾಕಿನಲ್ಲಿ ಇನ್ನೂ ಇವೆ. ಮಾತು ಬೆಳೆಯುವ ಮೊದಲು ಒಂದು ಡ್ರಮ್ಮು, ಒಂದು ಗಡಿಯಾರ ಇಟ್ಟು ಅಳೆದು ನೋಡಿರಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ತಮ್ಮ ಮನೆಯಲ್ಲಿ ಇಂತಹ ಬಟ್ಟಲು ಸಿಕ್ಕರೆ ಏನು ಮಾಡಬೇಕು, ಏನು ಮಾಡಬಾರದು?

ಬೆಸುಗೆ ಹಾಕಿಸಬೇಡಿರಿ. ತೂತು ಮುಚ್ಚಿದರೆ ಗಳಿಗೆ ಬಟ್ಟಲು ಹೋಯಿತು, ಬರಿಯ ಬಟ್ಟಲು ಉಳಿಯಿತು. ಸೀಸ ಬೆರೆತ ಬೆಸುಗೆಯ ಪಾತ್ರೆಯಲ್ಲಿ ತಿಂಡಿ ನೀರು ಇಡುವುದು ದನಕ್ಕೂ ಜನಕ್ಕೂ ಕೆಡಕು. ಕಬ್ಬಿಣದ ಸೂಜಿಯನ್ನು ತೂತಿಗೆ ಹಾಕಿ ತಿರುವಬೇಡಿರಿ. ತಾಮ್ರ ಮೆದು, ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಟ್ಟಿತು, ಅದನ್ನು ಮತ್ತೆ ಕಿರಿದು ಮಾಡಲು ಬರುವುದಿಲ್ಲ. ಹುಣಿಸೆಹಣ್ಣು, ಮರಳು ಹಾಕಿ ಉಜ್ಜಬೇಡಿರಿ. ಅಂಚಿನಲ್ಲಿ ಅಕ್ಷರವೋ ಗೀಟೋ ಕೊರೆದಿದ್ದರೆ ಅದು ಅಳಿಸಿಹೋಗುತ್ತದೆ. ಬೆಚ್ಚನೆಯ ನೀರು, ಮೆತ್ತನೆಯ ಬಟ್ಟೆ ಸಾಕು. ಒಣಗಿಸಿ ಇಡಿರಿ. ಜೊತೆಗಿದ್ದ ಅಗಲ ಪಾತ್ರೆ ಇದ್ದರೆ ಅದನ್ನೂ ಬೇರೆ ಮಾಡಬೇಡಿರಿ.

ಬಟ್ಟಲು ಒಡೆಯದೆ ಸರಿಯಾಗಿದ್ದೂ 24 ನಿಮಿಷಕ್ಕೆ ಬಹು ಮೊದಲೇ ಮುಳುಗಿದರೆ, ಯಾರೋ ಹಿಂದೆ ತೂತನ್ನು ಕೊರೆದು ಹಿಗ್ಗಿಸಿರಬಹುದು. 12 ನಿಮಿಷಕ್ಕೆ ಮುಳುಗಿದರೆ ಅರೆಗಳಿಗೆಯ ಬಟ್ಟಲೆಂದು ತಿಳಿಯಬಹುದು. ಒಂದೇ ಸಲ ನೋಡಿ ತೀರ್ಮಾನಿಸದೆ ಮೂರು ಸಲ ಬಿಟ್ಟು, ಮೂರನ್ನೂ ಬರೆದಿಟ್ಟು, ಸರಾಸರಿ ತೆಗೆಯಿರಿ.

ಕಾನೂನಿನ ಮಾತನ್ನೂ ತಿಳಿದಿರುವುದು ಒಳ್ಳೆಯದು. 1972ರಲ್ಲಿ ಪಾರ್ಲಿಮೆಂಟು ಮಾಡಿದ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತು ಪುರಾತನ ವಸ್ತುವೆನಿಸುತ್ತದೆ. ಅಂತಹ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅದರ ವ್ಯಾಪಾರ ಮಾಡುವವನಿಗೆ ಲೈಸೆನ್ಸ್ ಇರಬೇಕು. ಅಜ್ಜನ ಕಾಲದ ಬಟ್ಟಲನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಉಳುವಾಗಲೋ ಪಾಯ ತೋಡುವಾಗಲೋ ನೆಲದಲ್ಲಿ ಹೂತಿದ್ದ ಹಳೆಯ ಬೆಲೆಯುಳ್ಳ ವಸ್ತು ಸಿಕ್ಕರೆ ಅದು ಬೇರೆ ಮಾತು. ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಹಳೆಯ ಸಾಮಾನುಗಳನ್ನು ಒಟ್ಟಿಗೆ ನೋಡಿ ಹೋಲಿಸಬೇಕೆನ್ನುವವರು ಬೆಂಗಳೂರು–ಮೈಸೂರು ರಸ್ತೆಯಲ್ಲಿ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಒಮ್ಮೆ ಹೋಗಿಬರಬಹುದು.

ಎಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ; ಅದಕ್ಕೆ ಖರ್ಚಿಲ್ಲ. ಮನೆಯ ಅಜ್ಜ ಅಜ್ಜಿಯರ ಹತ್ತಿರ ಕೂತು, ಗೊತ್ತಿಲ್ಲದ ವಸ್ತುವನ್ನು ಅವರ ಕೈಗೆ ಕೊಟ್ಟು ಕೇಳಿರಿ. ಕಣ್ಣಿಗೆ ಮರೆತದ್ದು ಕೈಗೆ ನೆನಪಿರುತ್ತದೆ, ಕಿವಿಗೆ ನೆನಪಿರುತ್ತದೆ. ಅವರು ಹೇಳಿದ ಹೆಸರು, ಯಾರ ಕಾಲದ್ದು, ಏತಕ್ಕೆ ಬಳಸುತ್ತಿದ್ದರು ಎಂಬ ಮೂರು ಸಂಗತಿಗಳನ್ನು ಮಕ್ಕಳ ಕೈಯಲ್ಲಿ ಒಂದು ಚೀಟಿಯಲ್ಲಿ ಬರೆಸಿ ಆ ವಸ್ತುವಿಗೆ ಕಟ್ಟಿಡಿರಿ. ಮುಂದಿನ ತಲೆಮಾರಿನವರು ಅಟ್ಟ ಹತ್ತಿದಾಗ ಆ ಚೀಟಿಯೇ ಅವರಿಗೆ ಹೇಳುತ್ತದೆ.

ಯುಗಾದಿಗೆ ಇನ್ನು ಹೆಚ್ಚು ದಿನವಿಲ್ಲ. ಈ ಸಲ ಅಟ್ಟದಿಂದ ಇಳಿಸಿದ ಸಾಮಾನಿನಲ್ಲಿ ಹೆಸರು ಗೊತ್ತಿಲ್ಲದ್ದು ಏನಾದರೂ ಕಂಡರೆ, ಗುಜರಿಯವನಿಗೆ ತೋರಿಸುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿರಿ. ಯಾವುದರಿಂದ ಮಾಡಿದ್ದು? ಸವೆತ ಎಲ್ಲಿದೆ? ತೂತು, ಗೀಟು, ಕಿವಿಗಳು ಬೇಕೆಂದೇ ಮಾಡಿದವೋ? ಇದರಂತೆ ಇನ್ನೇನಿದೆ, ವ್ಯತ್ಯಾಸವೇನು? ಅಷ್ಟಾದರೂ ತಿಳಿಯದಿದ್ದರೆ ಮುಂದಿನ ಸಭೆಗೆ ತನ್ನಿರಿ. ಎಲ್ಲರೂ ಕೂಡಿ ನೋಡೋಣ. ಬರುವಾಗ ಹಿಂಗಾರಿನ ಕಡಲೆಗೆ ಬಿದ್ದ ಕಾಯಿಕೊರಕದ ಲೆಕ್ಕವನ್ನೂ ತರಲು ಮರೆಯಬೇಡಿರಿ.